ಕಾಯುವ ಪುಟ

ಕಾಯುವುದು ಎಂದರೇನು ಎಂದು ಸಂಜೆಯೊಳಗೆ ಬರೆದು ಕಳಿಸಬೇಕಾಗಿತ್ತು. ನಿಲೇಶ ಮೊದಲ ಸಾಲಿನ ಮುಂದೆಯೇ ಕೂತು ಚಹಾ ಆರಿಸಿಕೊಂಡಿದ್ದ. ಓದುವವರು ಮನುಷ್ಯರಾಗಿದ್ದರೆ ಈ ಪೀಡೆಯೇ ಇರುತ್ತಿರಲಿಲ್ಲ. ಕಾಯುವುದನ್ನು ಮನುಷ್ಯರಿಗೆ ಹೇಳಿಕೊಡಬೇಕೆ, ಅದನ್ನವರು ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದಿರುತ್ತಾರೆ. ಅವನ ಓದುಗರು ಯಂತ್ರಗಳು. ಪುಣೆಯ ಕಂಪನಿಯೊಂದು ಎಐ ಏಜೆಂಟುಗಳ ಕೈಗೆ ಬ್ರೌಸರ್ ಕೊಡುತ್ತಿತ್ತು. ಜನರ ಬದಲಿಗೆ ಅವೇ ವೆಬ್‌ಸೈಟು ತೆರೆದು, ಒತ್ತುವ ಕಡೆ ಒತ್ತಿ, ಬರೆಯುವ ಕಡೆ ಬರೆದು, ರೈಲಿನ ಟಿಕೆಟ್ಟೋ ಡಾಕ್ಟರ ಸರದಿಯೋ ಹಿಡಿದು ಬರಬೇಕು. ಒತ್ತುವುದು, ಕಾಯುವುದು ಎಂಬ ಅವುಗಳ ಒಂದೊಂದು ಸಾಧನಕ್ಕೂ ಒಂದೊಂದು ಪುಟ ವಿವರಣೆ ಬರೆಯುವುದು, ಸಾಂಗಲಿಯ ವಿಶ್ರಾಮಬಾಗದ ಈ ಮನೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತ ನಿಲೇಶನ ಕೆಲಸ. ಒತ್ತುವ ಪುಟ ಮುಗಿದಿತ್ತು. ತೆರೆಯ ಫೋಟೋ ತೆಗೆಯುವ ಪುಟ ಮುಗಿದಿತ್ತು. ಇವತ್ತು ಕಾಯುವ ಪುಟ. ಬೆರಳು ಇಂಗ್ಲಿಷಿನಲ್ಲಿ ಬರೆದರೂ ಸಾಲು ಮೊದಲು ತಲೆಯಲ್ಲಿ ಮೂಡುತ್ತಿದ್ದುದು ಅವ್ವನ ದನಿಯಲ್ಲಿ. ಸುಮ್ಮನೆ ಕಾಯಬೇಡ. ಯಾವುದಕ್ಕಾಗಿ ಕಾಯುತ್ತಿದ್ದೀ ಎಂದು ಮೊದಲು ಹೇಳು. ಎಷ್ಟು ಹೊತ್ತು ಎಂದು ಮಿತಿ ಇಟ್ಟುಕೋ. ಮಿತಿ ಮೀರಿದರೆ, ಆಗಲಿಲ್ಲ ಎಂದು ಒಪ್ಪಿಕೊಂಡು ಹಿಂದಕ್ಕೆ ಬಾ. ಬರೆದು ಓದಿದ, ಚೆನ್ನಾಗಿತ್ತು. ಚೆನ್ನಾಗಿದ್ದುದಕ್ಕೇ ಒಳಗೆಲ್ಲೋ ಕಿರಿಕಿರಿಯಾಯಿತು. ಮಾವಶಿ ಇಷ್ಟು ಹೊತ್ತಿಗೆ ಮಿರಜ ಸ್ಟೇಶನ್ನಿನಲ್ಲಿ ಇಳಿದಿರುತ್ತಾಳೆ.

ಮಾವಶಿ ಎಂದರೆ ತುಳಸವ್ವ, ಅವ್ವನ ಬೆನ್ನಿಗೆ ಬಿದ್ದ ತಂಗಿ, ಚಿಂಚಲಿ ಹತ್ತಿರದ ಹಳ್ಳಿಗೆ ಕೊಟ್ಟವಳು. ಬೆಳಿಗ್ಗೆ ಹೆಂಡತಿ ನೇತ್ರಾ ಶಾಲೆಗೆ ಹೊರಟವಳು ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದ್ದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ನಾಲಿಗೆಗೆ ಮಾತ್ರ ಮರಾಠಿಯೇ ಬರುವುದು. "ಮಾವಶಿ ಏಕಟ್ಯಾಚ ಜಾಣಾರ ಕಾ?" ಒಬ್ಬಳೇ ಹೋಗುತ್ತಾಳಾ ಎಂದು. "ಎಲ್ಲಾ ಬುಕ್ ಆಗೇತಿ ಅಂದ್ನೆಲ್ಲ, ಹೋಗಿ ಕುಂದ್ರೂದಷ್ಟ," ಎಂದಿದ್ದ ನಿಲೇಶ, ಬೇಕಾದ್ದಕ್ಕಿಂತ ಜೋರಾಗಿ. ನೇತ್ರಾ ತಿರುಗಿ ಏನಾದರೂ ಅಂದಿದ್ದರೆ ಒಂದು ಜಗಳವಾಡಿ ಹಗುರಾಗಬಹುದಿತ್ತು. ಆ ಪುಣ್ಯಾತ್ಗಿತ್ತಿ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದಳು.

ಕುಂದ್ರೂದಷ್ಟ! ಆ ಮಾತು ಅವ್ವನದು. ಅವ್ವ, ಸರುಬಾಯಿ, ಇದ್ದಾಗ ಮಿರಜದ ಪೇಟೆಯ ಹಿಂದಿನ ಅವರ ಮನೆಗೆ ಬೀಗ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ರಾಯಬಾಗ, ಅಥಣಿ, ಚಿಂಚಲಿ ಕಡೆಯಿಂದ ಯಾರಿಗೆ ಏನೇ ಬೇನೆ ಬರಲಿ, ಮಿರಜದ ದವಾಖಾನೆ. ದವಾಖಾನೆಗೆ ಬಂದವರು ಸರುಬಾಯಿಯ ಮನೆಗೆ. ಅಪ್ಪ ಕಾಳಿನ ಅಂಗಡಿಯಿಂದ ಬಂದು, ಪಡಸಾಲೆಯ ತುಂಬ ಮಲಗಿದ ಅಪರಿಚಿತರನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದ. ಅವ್ವ ಅವರಿಗೆ ಔಷಧಿ ಕೊಡಿಸಿದವಳಲ್ಲ, ಡಾಕ್ಟರ ಹತ್ತಿರ ವಾದ ಮಾಡಿದವಳಲ್ಲ. ಬೆಳಿಗ್ಗೆ ಒಂದು ಸ್ಟೀಲಿನ ಡಬ್ಬಿ ಕಟ್ಟಿಕೊಂಡು ಪೇಶಂಟಿನ ಪಕ್ಕ, ಬಾಜೂಕ ಹೋಗಿ ಕೂಡುವಳು, ಸಂಜೆಯವರೆಗೆ. ಹೆಸರು ಕರೆದರೆ ಎಬ್ಬಿಸುವಳು, ಮರಾಠಿಯಲ್ಲಿ ಅಂದದ್ದನ್ನು ಕನ್ನಡದಲ್ಲಿ ಅನ್ನುವಳು, ಸೂಜಿ ಚುಚ್ಚುವಾಗ ಗದ್ದ ಹಿಡಿದು ಮುಖ ಆ ಕಡೆ ತಿರುಗಿಸುವಳು. ಇದೇನು ಕೆಲಸವೇ ಎಂದು ಕಾಲೇಜಿನ ದಿನಗಳಲ್ಲಿ ನಿಲೇಶ ನಕ್ಕಿದ್ದ. "ಕುಂದ್ರಾಕ ಏನ್ ಡಿಗ್ರಿ ಬೇಕೇನೋ? ಕುಂದ್ರೂದಷ್ಟ. ನಮ್ಮ ಮಂದಿ ಕರ್ಯೂತನಾ ಏಳೂದಿಲ್ಲ, ಕೇಳೂತನಾ ಹೇಳೂದಿಲ್ಲ. ಬಾಜೂಕ ಒಬ್ರು ಬೇಕಪಾ," ಎಂದಿದ್ದಳು. ಅವ್ವ ಹೋದಳು, ಮಿರಜದ ಮನೆಯನ್ನು ಬಾಡಿಗೆಗೆ ಕೊಟ್ಟರು, ಕೂಡುವ ಕೆಲಸ ಯಾರೂ ಹೇಳದೆ ಕೇಳದೆ ಅವನ ಪಾಲಿಗೆ ಬಂತು. ಒಂದೆರಡು ಸಲ ಹೋಗಿದ್ದ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು. ಆಮೇಲೆ ಫೋನಿನಲ್ಲೇ ಮುಗಿಸತೊಡಗಿದ.

ಮಾವಶಿಯ ಫೋನು ಬಂದದ್ದು ಹೋದ ವಾರ, ದನದ ಕೊಟ್ಟಿಗೆಯಿಂದ. ಹಿಂದೆ ಎಮ್ಮೆ ಕೂಗುವುದು ಕೇಳುತ್ತಿತ್ತು. "ನಿಲ್ಯಾ, ಎದಿಯಾಗ ಒಂದ್ ಗಂಟ ಆಗೈತೋ ಯಪ್ಪಾ. ಮೊದಲ ಅವರಿಕಾಳಿನಷ್ಟಿತ್ತು. ಈಗ ಅಡಕಿಯಷ್ಟ ಆಗೈತಿ. ಮನ್ಯಾಗ ಯಾರಿಗೂ ಹೇಳಿಲ್ಲ. ನಿಮ್ಮವ್ವ ಇದ್ದಿದ್ರ ಆಕಿಗೆ ಹೇಳತಿದ್ನಿ." ಎದೆ ಎಂಬ ಮಾತನ್ನು ಅಕ್ಕನ ಮಗನ ಮುಂದೆ, ಒಬ್ಬ ಗಂಡಸಿನ ಮುಂದೆ ಆಡಲು ಆಕೆಗೆ ಎಷ್ಟು ದಿನ ಹಿಡಿದಿರಬೇಕು; ಅವನ ಕಿವಿಯೂ ಬಿಸಿಯಾಗಿತ್ತು. ಹೆಣ್ಣು ಡಾಕ್ಟರೇ ಆಗಬೇಕು, ಅದೊಂದೇ ಆಕೆ ಕೇಳಿದ್ದು. ಮಿರಜದ ಒಂದು ಆಸ್ಪತ್ರೆಗೆ ಈ ಬೇನೆ ನೋಡುವ ಹೆಣ್ಣು ಡಾಕ್ಟರೊಬ್ಬರು ತಿಂಗಳಿಗೊಮ್ಮೆ ಹೊರಗಿನಿಂದ ಬರುತ್ತಿದ್ದರು. "ನಾ ನೋಡ್ಕೋತೀನಿ ಬಿಡ್ರಿ ಮಾವಶಿ," ಎಂದ. ನೋಡಿಕೊಂಡದ್ದೂ ಹೌದು. ಏಜೆಂಟಿಗೆ ಆಕೆಯ ಹೆಸರು, ವಯಸ್ಸು, ಡಾಕ್ಟರು ಬರುವ ದಿನ ಹೇಳಿ ಕೈಕಟ್ಟಿ ಕೂತ. ಹೇಗೂ ಮುಂದೆ ಬರೆಯಬೇಕಿದ್ದ ಕಾಯುವ ಪುಟಕ್ಕೆ ಒಂದು ಉದಾಹರಣೆ ಬೇಕಾಗಿತ್ತು. ಹೋದ ದಾರಿಯಲ್ಲೇ ಎರಡು ಕೆಲಸ. ತೆರೆಯ ಮೇಲೆ ಬಾಣದ ಗುರುತು ತಾನೇ ಸರಿದು, ತಾನೇ ಒತ್ತಿ, ತುಳಸವ್ವ ಎಂಬ ಹೆಸರು ಒಂದೊಂದೇ ಅಕ್ಷರವಾಗಿ ಮೂಡುವುದನ್ನು ನೋಡುವಾಗ ಅವನಿಗೆ ಹೆಮ್ಮೆಯೇ ಆಯಿತು. ಅವ್ವ ಇದ್ದಿದ್ದರೆ ತೋರಿಸಬಹುದಿತ್ತು. ಕೊನೆಗೆ ಹಸಿರು ಗುರುತು ಬಂತು: ನಿಮ್ಮ ಸರದಿ ಖಚಿತವಾಗಿದೆ, ಖಾಲಿ ಹೊಟ್ಟೆಯಲ್ಲಿ ಬನ್ನಿ. ಅದರ ಫೋಟೋ ತೆಗೆದು, ಚೊಕ್ಕ ಕಾಣಲಿ ಎಂದು ಮೇಲಿನ ಅಂಚು ಕತ್ತರಿಸಿ, ಪುಟಕ್ಕೂ ಹಚ್ಚಿದ, ಚಿಂಚಲಿಯ ಝೆರಾಕ್ಸ್ ಅಂಗಡಿಯ ನಂಬರಿಗೂ ಕಳಿಸಿದ. ಮಾವಶಿ ಅದನ್ನು ಕಾಗದದ ಮೇಲೆ ತೆಗೆಸಿಕೊಂಡಳು.

ನೀ ಬರ್ತಿಯಲ್ಲೋ ಎಂದು ನಿನ್ನೆ ಕೇಳಿದ್ದಳು. "ನಾಳೆ ಭಾಳ ಗಡಿಬಿಡಿ ಐತ್ರಿ ಮಾವಶಿ. ಎಲ್ಲಾ ಆಗೇತಿ, ನೀವು ಹೋಗಿ ಕುಂದ್ರಿ, ಹೆಸರ ಕರೀತಾರ. ಫೋನ್ ಮಾತ್ರ ಮಾಡಬ್ಯಾಡ್ರಿ, ನಾನ ಮಾಡ್ತೀನಿ. ಸಂಜೀಕ ಸ್ಟೇಶನ್ನಿಗೆ ಬರ್ತೀನಿ." ಮಾವಶಿ "ಆತು" ಎಂದಳು. ಆ "ಆತು" ಬೆಳಿಗ್ಗೆಯಿಂದ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಟೈಫಾಯಿಡ್ ಆಗಿ ಅವನು ಮಲಗಿದ್ದಾಗ ರಾತ್ರಿ ಅವ್ವ, ಹಗಲು ಮಾವಶಿ. ಕಾಟಿನ ಪಕ್ಕ ನೆಲದ ಮೇಲೆ ಕೂತು ಮೋಸಂಬಿ ಸುಲಿಯುತ್ತ, ಅವನು ಕಣ್ಣು ಬಿಟ್ಟಾಗಲೆಲ್ಲ "ಇಲ್ಲೇ ಅದೀನಿ" ಅನ್ನುತ್ತಿದ್ದಳು, ಅವನೇನೂ ಕೇಳಿರುತ್ತಿರಲಿಲ್ಲ. ಈಗ ಕಾಯುವ ಪುಟದಲ್ಲಿ ಅವನು ಬರೆದ: ಗುರಿ ಕಣ್ಣಿಗೆ ಬಿದ್ದ ಕೂಡಲೆ ಕೆಲಸವಾಯಿತು ಎಂದು ನಂಬಬೇಡ, ಅದು ನಿಜವಾಗಿ ಅಲ್ಲಿದೆಯೇ ಎಂದು ಇನ್ನೊಮ್ಮೆ ನೋಡು. ಊಟ ಮಾಡಿದ. ಪುಟ ಕಳಿಸಿದ. ಫೋನ್ ಮಾಡಬೇಕು ಎಂದುಕೊಂಡ, ಡಾಕ್ಟರ ಮುಂದೆ ಕೂತಿದ್ದರೆ ಎಂದು ಬಿಟ್ಟ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪುಣೆಯಿಂದ ಪ್ರತಾಪನ ಟಿಪ್ಪಣಿ ಬಂತು. ಪ್ರತಾಪ ಕೆಲಸದಲ್ಲಿ ಅವನ ಮೇಲಿನವನು, ಒಳ್ಳೆಯವನೇ. ಪುಟ ಚೆನ್ನಾಗಿದೆ, ಒಂದೇ ಒಂದು ಮಾತು: ಉದಾಹರಣೆಯಲ್ಲಿ ನಿಜವಾದ ಹೆಸರಿನಂಥದ್ದು ಬೇಡ, ಅಭ್ಯಾಸದ ಸೈಟೇ ಆದರೂ. ನಿಲೇಶ ಒಮ್ಮೆ ಓದಿದ. ಅಭ್ಯಾಸದ ಸೈಟೇ ಆದರೂ. ಇನ್ನೊಮ್ಮೆ ಓದಿ, ಮಾವಶಿಗೆ ಕಳಿಸಿದ ಫೋಟೋ ತೆರೆದು ನೋಡಿದ. ಏಜೆಂಟುಗಳು ತಪ್ಪು ಮಾಡುತ್ತ ಕಲಿಯಲಿ ಎಂದು ಆಸ್ಪತ್ರೆಯ ಸೈಟಿನ ಹಾಗೇ ಕಾಣುವ ಒಂದು ನಕಲು ಸೈಟು ಮಾಡಿಟ್ಟಿದ್ದರು. ಹೋದ ವಾರ ಅವನ ಏಜೆಂಟು ಹೋದದ್ದು ಅದರೊಳಗೇ. ಅದರಲ್ಲಿ ಎಷ್ಟು ಸರದಿ ಹಿಡಿದರೂ ಯಾವ ಡಾಕ್ಟರಿಗೂ ಸುದ್ದಿ ಹೋಗುವುದಿಲ್ಲ. ಮೇಲಿನ ಅಂಚಿನಲ್ಲಿ ಹಳದಿ ಪಟ್ಟಿ, ಇದು ಅಭ್ಯಾಸಕ್ಕೆ ಮಾತ್ರ ಎಂದು. ಆ ಅಂಚನ್ನೇ ಅವನು ಓದದೆ ಕತ್ತರಿಸಿದ್ದ. ಅಯ್ಯೋ, ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂಬ ಸಾಲು! ಅದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಏಜೆಂಟಿಗೆ ಓದಲು ಏನಾದರೂ ಇರಲಿ ಎಂದು ಅವನೇ, ಈ ಕುರ್ಚಿಯಲ್ಲೇ ಕೂತು, ನಕಲಿಗೆ ನಿಜದ ಕಳೆ ಬರಲೆಂದು ಬರೆದದ್ದು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಇವನು ಆತುರವನ್ನೂ ಮಾಡಿರಲಿಲ್ಲ. ಆರಾಮವಾಗಿ, ಹೆಮ್ಮೆಪಡುತ್ತ ಮಾಡಿದ್ದ.

ಫೋನು ಮಾಡಿದ, ಗಂಟೆ ಬಾರಿಸಿ ಬಾರಿಸಿ ನಿಂತಿತು. ಮಾವಶಿ ಎತ್ತುವುದಿಲ್ಲ, ದವಾಖಾನೆಯೊಳಗೆ ಫೋನ್ ಮಾತಾಡಬಾರದು ಎಂದು ಯಾರೋ ಗೋಡೆಯ ಮೇಲೆ ಬರೆದಿದ್ದರೆ ಅದು ಆಕೆಗೆ ದೇವರ ಅಪ್ಪಣೆ. ಮಿರಜದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು ಬೈಕಿನ ಹಾರ್ನ್ ಒತ್ತುತ್ತ, ಅವನು ಒಳಗೊಳಗೇ ಲೆಕ್ಕ ಹಾಕುತ್ತಿದ್ದ, ಏನು ಹೇಳಬೇಕೆಂದು. ಸರ್ವರ್ ಡೌನ್ ಇತ್ತು ಎನ್ನಬಹುದು. ಆಸ್ಪತ್ರೆಯವರ ತಪ್ಪು ಎನ್ನಬಹುದು. ಮಾವಶಿಗೆ ಏನು ಗೊತ್ತಾಗುತ್ತದೆ? ಗೊತ್ತಾಗುವುದಿಲ್ಲವೆಂಬುದೇ ಒಂದು ಸಮಾಧಾನವಾಗಿ ಬಂತು, ಅಂಥ ಸಮಾಧಾನ ಬಂದುದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಡಾಕ್ಟರು ಇನ್ನೂ ಹೋಗಿರಲಿಕ್ಕಿಲ್ಲ. ಕಾಲು ಹಿಡಿದಾದರೂ ಒಳಗೆ ಬಿಡಿಸಬೇಕು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಹೆಣ್ಣು ಡಾಕ್ಟರ ಬಾಗಿಲು ತೆರೆದೇ ಇತ್ತು. ಒಳಗೆ ಖಾಲಿ ಕುರ್ಚಿ, ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದ ಆಯಾ. ಬಾಗಿಲ ಮುಂದಿನ ಬೆಂಚುಗಳಲ್ಲಿ ಮಾವಶಿ ಇರಲಿಲ್ಲ. ಪಡಸಾಲೆಯ ಆ ತುದಿಗೆ, ನೀರಿನ ನಳದ ಪಕ್ಕದ ಬೆಂಚಿನ ಮೇಲೆ ಇದ್ದಳು, ತಲೆಯ ಮೇಲೆ ಸೆರಗು ಎಳೆದುಕೊಂಡು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು. ತುಟಿ ಒಣಗಿ ಬಿಳಿಯಾಗಿತ್ತು. ಪಕ್ಕದ ಜಾಗದಲ್ಲಿ ಆಕೆಯ ಕೈಚೀಲ. "ಬಂದ್ಯಾ? ಕೆಲಸ ಮುಗೀತೇನು?" ಎಂದಳು, ತಾನೇ ಯಾರದೋ ಕೆಲಸ ಕೆಡಿಸಿದವಳ ದನಿಯಲ್ಲಿ. ಆ ಕಡೆ ಕೂತಿದ್ದ ಜತ್ತ ಊರಿನ ಹೆಂಗಸೊಬ್ಬಳು ನಕ್ಕಳು. "ಇವರು ನಿಮ್ಮ ಹಾದೀನ ಕಾಯಾಕತ್ತಿದ್ರು ನೋಡ್ರಿ. ಮುಂಜಾನಿಂದ ಆ ಜಾಗಾದಾಗ ಒಬ್ಬರಿಗೂ ಕುಂಡ್ರಗೊಟ್ಟಿಲ್ಲ. ನನ್ನ ಮಗಾ ಬರಾಂವದಾನ ಅಂತ ಒಂದ ಮಾತ." ಮಾವಶಿ ಚೀಲವನ್ನು ಮಡಿಲಿಗೆ ಎತ್ತಿಕೊಂಡಳು, ಕೂಡು ಎಂಬಂತೆ. ನಿಲೇಶ ಕೂಡಲಿಲ್ಲ. ಕಾಗದ ಇಸಿದುಕೊಂಡು ಕೌಂಟರಿಗೆ ಹೋದ. ಹಿಂದೆಯೇ ಆಕೆಯ ಚಪ್ಪಲಿಯ ಸಪ್ಪಳ ಬಂತು.

ಕೌಂಟರಿನ ಹುಡುಗಿ ಕಾಗದ ನೋಡಿದ್ದೇ ತಲೆಯೆತ್ತಿ, ಅವನ ಹಿಂದೆ ನಿಂತವಳನ್ನು ಗುರುತಿಸಿದಳು. "ಹೇ ಆಮಚ ನಾಹೀಚ," ಎಂದಳು, ಇದು ನಮ್ಮದಲ್ಲವೇ ಅಲ್ಲ. ಬೆಳಿಗ್ಗೆಯೇ ಈ ಅಜ್ಜಿಗೆ ಹೇಳಿದ್ದೆ, ಎಂದು ಮರಾಠಿಯಲ್ಲಿ ಮುಂದುವರಿಸಿದಳು. ಯಾರೋ ಸುಳ್ಳು ಕಾಗದ ಮಾಡಿ ಮೋಸ ಮಾಡಿದ್ದಾರೆ, ಮಾಡಿಕೊಟ್ಟವನ ಹೆಸರು ಹೇಳು, ದೂರು ಬರೆದುಕೊಳ್ಳುತ್ತೇನೆ, ಇವತ್ತೇ ಹೊಸ ಚೀಟಿ ಮಾಡಿಕೊಡುತ್ತೇನೆ ಅಂದೆ. ಈಕೆ ಹೆಸರೇ ಹೇಳಲಿಲ್ಲ. ಚೀಟಿಯನ್ನಾದರೂ ತಗೋ ಅಂದರೆ ಬೇಡ ಬೇಡ ಅಂತ ಹೋಗಿ ಅಲ್ಲಿ ಕೂತುಬಿಟ್ಟಳು. ಡಾಕ್ಟರ್ ಬಾಯಿ ಈಗಷ್ಟೇ ಹೊರಟುಹೋದರು. ಇನ್ನು ಮುಂದಿನ ತಿಂಗಳು. ನಿಲೇಶ ಕಾಗದದ ಮೇಲಿನ ಹಸಿರು ಗುರುತನ್ನು ನೋಡುತ್ತ ನಿಂತ. ನಾನೇ ಮಾಡಿದ್ದು ಎಂಬ ಮಾತು ಗಂಟಲವರೆಗೆ ಬಂದಿತ್ತು, ನಿಜವಾಗಿಯೂ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಮಾವಶಿ ತನ್ನ ಮುರುಕು ಮರಾಠಿಯಲ್ಲಿ, "ಮಲಾ ಮಾಹೀತ ನಾಹೀ ಬಾಯಿ, ಸ್ಟೇಶನಾವರ ಕೋಣೀತರೀ ದಿಲಂ," ಎಂದಳು. ಸ್ಟೇಶನ್ನಿನಲ್ಲಿ ಯಾರೋ ಕೊಟ್ಟರು, ನನಗೆ ಗೊತ್ತಿಲ್ಲ. ಹುಡುಗಿ ನಿಟ್ಟುಸಿರು ಬಿಟ್ಟು ನಿಲೇಶನಿಗೆ ಹೇಳಿದಳು, ಓದಿದವರು ನೀವಾದರೂ ಜೊತೆಗಿರಬೇಕಲ್ಲವೇ, ಇಂಥ ಬಡ ಜೀವಗಳಿಗೆ ಮೋಸ ಮಾಡುವವರನ್ನು ಪೊಲೀಸರಿಗೇ ಕೊಡಬೇಕು. "ಬರೋಬರ ಆಹೇ," ಸರಿಯಾದ ಮಾತು, ಎಂದ ನಿಲೇಶ. ತನ್ನ ಬಾಯೇ ಅಂದದ್ದು. ಅಂದ ಮೇಲೆ ಅವನು ಹಿಂದಿರುಗಿ ಮಾವಶಿಯ ಮುಖ ನೋಡಲಿಲ್ಲ.

ಸ್ಟೇಶನ್ನಿಗೆ ನಡೆದೇ ಹೋದರು, ಬೈಕನ್ನು ಅವನು ತಳ್ಳುತ್ತ. ಮಾವಶಿ ಅವನಿಗಿಂತ ಎರಡು ಹೆಜ್ಜೆ ಹಿಂದೆ. ಮೊದಲಿಂದಲೂ ಹಾಗೇ, ಗಂಡಸರ ಜೊತೆ ನಡೆದು ರೂಢಿಯಿಲ್ಲ. ಸಿತಾರಿನ ಅಂಗಡಿಯೊಳಗೆ ಯಾರೋ ಹೊಸ ತಂತಿ ಬಿಗಿಯುತ್ತಿದ್ದರು, ಒಂದೇ ಸ್ವರ ಮೇಲೆ ಮೇಲೆ ಹತ್ತಿ ನಿಂತಿತು. ಮನೆಗೆ ಬರ್ರಿ ಎಂದು ಅವನು ಅಂದ, ನೇತ್ರಾ ಅಡುಗೆ ಮಾಡಿರುತ್ತಾಳೆ, ನಾಳೆ ಬೇರೆ ಕಡೆ ತೋರಿಸೋಣ, ಮಿರಜದಲ್ಲಿ ಡಾಕ್ಟರಿಗೇನು ಬರ. ಮಾವಶಿ ಸೆರಗು ಸರಿಪಡಿಸಿಕೊಂಡು ಸ್ಟೇಶನ್ನಿನ ಮೆಟ್ಟಿಲು ಹತ್ತಿದಳು. ಪ್ಲಾಟ್‌ಫಾರ್ಮಿನ ಮೇಲೆ ಚಹಾ ಕೊಡಿಸಿದಾಗ ಕಪ್ಪನ್ನು ತುಟಿಯವರೆಗೆ ಒಯ್ದವಳು ತಡೆದು, "ಈಗ ಕುಡೀಬೌದಲ್ಲೋ?" ಎಂದು ಕೇಳಿದಳು.

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. "ಮಾವಶಿ, ಮುಂಜಾನಿಂದ ಏನೂ ತಿಂದಿಲ್ಲೇನ್ರಿ?"

"ಖಾಲಿ ಹೊಟ್ಟೀಲೆ ಬರ್ರಿ ಅಂತ ಬರದಿದ್ಯಲ್ಲ. ನೀರೂ ಕುಡದಿಲ್ಲ."

"ಆದ್ರ ಆ ಕಾಗದ ಸುಳ್ಳ ಅಂತ ಆಕಿ ಮುಂಜಾನೇನ ಹೇಳಿದ್ಳಲ್ರಿ!"

"ಹೇಳಿದ್ಳು. ನೀ ಬಂದ್ ಏನರ ಮಾಡ್ತಿ ಅಂತ ಕುಂತ್ನಿ. ನೀ ಬಂದು, ಡಾಕ್ಟರ್ ಬಾಯಿ ಒಳಗ ಕರದು, ಉಂಡೀಯೇನು ಅಂತ ಕೇಳಿದ್ರ? ಮತ್ತ ನಿನ್ನ ಮಾತ ಕೆಡತಿತ್ತಲ್ಲ."

"ಹೊಸಾ ಚೀಟಿ ಕೊಡ್ತೀನಿ ಅಂದ್ಳಂತ. ಯಾಕ ತಗೋಲಿಲ್ರಿ? ನಂದ ತಪ್ಪ, ನನ್ನ ಹೆಸರ ಹೇಳಬೇಕಿತ್ತು. ಒಂದ ಫೋನರೇ ಮಾಡಬೇಕಿತ್ತು."

ಮಾವಶಿ ಚಹಾ ಊದಿ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿ ಕುಡಿದಳು. "ಫೋನ್ ಮಾಡಬ್ಯಾಡ್ರಿ ಅಂದಿದ್ದಿ. ಆಕಿ ಪೋಲೀಸ್ರು ಅಂದ್ಳೋ ಯಪ್ಪಾ, ಪೆನ್ನ ಹಿಡಕೊಂಡ ಕುಂತಿದ್ಳು. ಚೀಟಿ ತಗೊಂಡು ನಿಂತ್ರ ಮತ್ತ ಹೆಸರ ಕೇಳತಿದ್ಳು. ನನ್ನ ಬಾಯಿ ನನಗ ಗೊತ್ತಿಲ್ಲೇನು? ರೈಲ್ವೇದಾಗ ಬರೂಮುಂದ ಡಬ್ಬಿ ತುಂಬ ಹೇಳಕೋತ ಬಂದೀನಿ, ನಮ್ಮಕ್ಕನ ಮಗಾ ಕಂಪ್ಯೂಟರದಾಗ ಮಾಡ್ಯಾನ ಅಂತ. ಎಲ್ಲೆ ಬಾಯಿ ಜಾರೀತಂತ ದೂರ ಹೋಗಿ ಕುಂತ್ನಿ. ಗಂಟಿಗೇನು, ಒಂದ ತಿಂಗಳ ತಡದೀತು. ನಿನ್ನ ಕೆಲಸ ಹೋದ್ರ?"

ನಿಲೇಶನಿಗೆ ಅಳು ಬಂತು. ಪ್ಲಾಟ್‌ಫಾರ್ಮಿನ ಮೇಲೆ, ಕುಲಿಗಳ ನಡುವೆ, ನಾಚಿಕೆಯಿಲ್ಲದೆ ಬಂತು. ಆಕೆ ದಿನವಿಡೀ ಡಾಕ್ಟರಿಗಾಗಿ ಕಾಯುತ್ತಿರಲಿಲ್ಲ. ಬೆಳಿಗ್ಗೆಯೇ ಎಲ್ಲ ಗೊತ್ತಾದ ಮೇಲೂ, ಹೊಟ್ಟೆಗೆ ಹನಿ ನೀರಿಲ್ಲದೆ, ಪಕ್ಕದ ಜಾಗ ಬಿಡದೆ, ಅವನಿಗಾಗಿ ಕಾಯುತ್ತಿದ್ದಳು. ಮಿತಿ ಇಟ್ಟುಕೋ ಎಂದು ಅದೇ ಹೊತ್ತಿನಲ್ಲಿ ಅವನು ಸಾಂಗಲಿಯಲ್ಲಿ ಕೂತು ಬರೆಯುತ್ತಿದ್ದ. "ಅಳಬ್ಯಾಡೋ ಹುಚ್ಚಾ, ಮಂದಿ ನೋಡತಾರ," ಎಂದು ಮಾವಶಿ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಮತ್ತೆ ಬೇಡಿಕೊಂಡ, ಇವತ್ತು ಹೋಗಬ್ಯಾಡ್ರಿ, ನಾಳೆ ನಾನೇ ಬರ್ತೀನಿ, ಬಾಜೂಕೇ ಇರ್ತೀನಿ. ಬೆಳಗಾವಿಯ ಕಡೆಯ ಪ್ಯಾಸೆಂಜರ್ ಬಂದು ನಿಂತಿತ್ತು. "ಬ್ಯಾಡೋ. ಮನ್ಯಾಗ ನಿಮ್ಮನಿಗೆ ಹೋಗಿ ಬರ್ತೀನಿ ಅಂತಷ್ಟ ಹೇಳಿ ಬಂದೀನಿ. ಒಂದ ದಿನಕ್ಕಾಗೂವಷ್ಟ ಧೈರ್ಯಾ ತಂದಿದ್ನಿ. ಮುಗೀತದು," ಎಂದು ಕಂಬಿ ಹಿಡಿದು ಹತ್ತಿದಳು.

ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಒಳಗಿನಿಂದ ಕೈಚೀಲ ಅವನಿಗೆ ಕೊಟ್ಟಳು. ಶೇಂಗಾದ ಹೋಳಿಗೆ, ನೇತ್ರಾಗೂ ಕೊಡು, ಬಿಸಿಲಿಗೆ ಎಣ್ಣೆ ಬಿಟ್ಟಿರಬೇಕು ಎಂದಳು. ದಿನವಿಡೀ ಹಸಿದು ಕೂತವಳ ಪಕ್ಕದಲ್ಲೇ ಆ ಹೋಳಿಗೆ ಇತ್ತು. ಗಾಡಿ ಅಲುಗಿದಾಗ ಸರಳುಗಳಿಗೆ ಮುಖ ಹಚ್ಚಿ, ಕೇಳಬಾರದ್ದೇನನ್ನೋ ಕೇಳುವವಳ ಹಾಗೆ ಸಣ್ಣಗೆ ಕೇಳಿದಳು. "ನಿಲ್ಯಾ, ಮುಂದಿನ ಸಲ ಬಾಜೂಕ ಕುಂದರತಿಯಲ್ಲ?"

"ಕುಂದರತೀನ್ರಿ ಮಾವಶಿ." ಗಾಡಿಯ ಜೊತೆ ನಡೆದ, ಓಡಿದ. "ಕುಂದರತೀನ್ರಿ!"

"ಆತು," ಎಂದಳು. ನಿನ್ನೆಯ ದನಿಯಲ್ಲೇ ಎಂದಳು.

ಗಾಡಿ ಹೋಯಿತು. ನಿಲೇಶ ಪ್ಲಾಟ್‌ಫಾರ್ಮಿನ ಸಿಮೆಂಟಿನ ಬೆಂಚಿನ ಮೇಲೆ ಕೂತು, ಕೈಚೀಲವನ್ನು ಪಕ್ಕದ ಜಾಗದಲ್ಲಿ ಇಟ್ಟ. ಜೇಬಿನಲ್ಲಿ ಫೋನು ನಡುಗಿತು, ಪ್ರತಾಪ: ಹೆಸರು ಬದಲಾಯಿಸಿದೆಯಾ? ಫೋನನ್ನು ಮತ್ತೆ ಜೇಬಿಗೆ ಹಾಕಿದ. ಚೀಲದಿಂದ ಎಣ್ಣೆಯ, ಬೆಲ್ಲದ ವಾಸನೆ ಬರುತ್ತಿತ್ತು. ಸಂಜೆಯ ಗಾಡಿಗಳಿಗೆ ಜನ ತುಂಬತೊಡಗಿದರು. ಮಾಲಗಾಂವದ ಕಡೆಯವನಿರಬೇಕು, ದ್ರಾಕ್ಷಿಯ ಬುಟ್ಟಿ ಹೊತ್ತ ಮುದುಕನೊಬ್ಬ ಬಂದು ಬೆಂಚಿನ ಮೇಲಿದ್ದ ಕೈಚೀಲ ತೋರಿಸಿ, "ಇಥಂ ಕೋಣೀ ಬಸಲಂಯ ಕಾ?" ಎಂದು ಕೇಳಿದ, ಇಲ್ಲಿ ಯಾರಾದರೂ ಕೂತಿದ್ದಾರಾ ಎಂದು.

"ಬರಾವ್ರ ಅದಾರ್ರಿ," ಎಂದ ನಿಲೇಶ, ಕನ್ನಡದಲ್ಲಿ. ಮುದುಕ ಅರ್ಥವಾದವನಂತೆ ತಲೆಯಾಡಿಸಿ ಮುಂದಿನ ಬೆಂಚಿಗೆ ಹೋದ.